ದಿನನಿತ್ಯದ ಹುಡುಕಾಟಕ್ಕೆ ಯಾವ ಸರ್ಚ್ ಇಂಜಿನ್?

ನಮ್ಮ ನೆರೆಮನೆಯ ನಿವೃತ್ತ ಮೇಷ್ಟ್ರೊಬ್ಬರ ಎಟಿಎಂ ಕಾರ್ಡ್ ಒಂದು ಭಾನುವಾರ ಯಂತ್ರದೊಳಗೇ ಸಿಕ್ಕಿಕೊಂಡಿತು. ಬ್ಯಾಂಕಿಗೆ ರಜೆ. ಅವರು ಮೊಬೈಲ್ ತೆಗೆದು ಬ್ಯಾಂಕಿನ ಹೆಸರಿನ ಜೊತೆ 'ಕಸ್ಟಮರ್ ಕೇರ್ ನಂಬರ್' ಎಂದು ಬರೆದು ಹುಡುಕಿದರು. ಎಲ್ಲಕ್ಕಿಂತ ಮೇಲೆ ಕಂಡ ನಂಬರಿಗೆ ಕರೆ ಮಾಡಿದರು. ಆ ಕಡೆಯವನು ಬಹಳ ವಿನಯದಿಂದ ಮಾತನಾಡಿ, ಒಂದು ಆ್ಯಪ್ ಹಾಕಿಸಿ, ಒಟಿಪಿ ಕೇಳಿ ಪಡೆದ. ಅಸರ್ ಹೊತ್ತಿಗೆ ಖಾತೆ ಬಹುಪಾಲು ಖಾಲಿಯಾಗಿತ್ತು. "ನಾನು ದಾರಿಹೋಕರ ಮಾತು ನಂಬಲಿಲ್ಲ, ಇಂಟರ್ನೆಟ್‌ನಲ್ಲಿ ನೋಡಿಯೇ ಕರೆ ಮಾಡಿದ್ದು" ಎಂದು ಅವರು ಇಂದಿಗೂ ನೊಂದುಕೊಂಡು ಹೇಳುತ್ತಾರೆ.

ಮೇಷ್ಟ್ರ ತಪ್ಪು ತಿಳಿವಳಿಕೆ ನಮ್ಮೆಲ್ಲರದ್ದೂ ಹೌದು. ಹುಡುಕಿದಾಗ ಮೇಲೆ ಬಂದದ್ದೇ ಸರಿ ಎಂದು ನಾವು ಭಾವಿಸುತ್ತೇವೆ. ಮೇಲೆ ಬರುವುದಕ್ಕೂ ನಿಜವಾಗಿರುವುದಕ್ಕೂ ಇರುವ ವ್ಯತ್ಯಾಸ ತಿಳಿದರೆ, ಯಾವ ಕೆಲಸಕ್ಕೆ ಯಾವ ಸರ್ಚ್ ಇಂಜಿನ್ ಒಳ್ಳೆಯದು ಎಂಬ ಪ್ರಶ್ನೆಗೂ ಉತ್ತರ ಸುಲಭವಾಗುತ್ತದೆ.

ಸರ್ಚ್ ಇಂಜಿನ್ ಮಾಡುವುದೇನು?

ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇರುತ್ತದೆಯಲ್ಲ, ಸರ್ಚ್ ಇಂಜಿನ್ ಇಡೀ ಅಂತರ್ಜಾಲಕ್ಕೆ ಅಂಥದ್ದೊಂದು ಪಟ್ಟಿ ತಯಾರಿಸಿ ಇಟ್ಟುಕೊಳ್ಳುತ್ತದೆ. ನಾವು ಪದ ಬರೆದಾಗ ಆ ಪಟ್ಟಿಯಿಂದ ಪುಟಗಳನ್ನು ಹೆಕ್ಕಿ, ತನ್ನ ಲೆಕ್ಕಾಚಾರದ ಪ್ರಕಾರ ಒಂದರ ಕೆಳಗೊಂದು ಜೋಡಿಸುತ್ತದೆ. ಪದ ಹೊಂದುತ್ತದೆಯೇ, ಬೇರೆ ತಾಣಗಳು ಈ ಪುಟದತ್ತ ಕೈತೋರಿಸಿವೆಯೇ, ಹುಡುಕುವವರು ಯಾವ ಊರಿನಲ್ಲಿದ್ದಾರೆ, ಇಂಥವನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದರ ಮೇಲ್ಗಡೆ ಹಣ ಕೊಟ್ಟವರ ಜಾಹೀರಾತು ಕೂರುತ್ತದೆ. ಅದರ ಪಕ್ಕದಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ ಇರುತ್ತದೆ. ಅವಸರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಜೋಡಣೆ ದೊಡ್ಡ ವ್ಯಾಪಾರ. ತನ್ನದೇ ವಿಮಾನ ಟಿಕೆಟ್ ಹುಡುಕಾಟದ ಸೇವೆಯನ್ನು ಎದ್ದು ಕಾಣುವಂತೆ ಇಟ್ಟದ್ದೂ ಸೇರಿದಂತೆ ಕೆಲವು ಕಾರಣಗಳಿಗೆ ಭಾರತದ ಸ್ಪರ್ಧಾ ಆಯೋಗವು 2018ರಲ್ಲಿ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿತು. ಆಪಲ್‌ನ ಸಫಾರಿ ಬ್ರೌಸರ್‌ನಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಗೂಗಲ್ 2022ರಲ್ಲಿ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಹೇಳಿತು.

ನಾಲ್ಕು ಹೆಸರುಗಳು

ಗೂಗಲ್ 1998ರಲ್ಲಿ ಆರಂಭವಾಯಿತು. ಜಗತ್ತಿನ ಹತ್ತು ಹುಡುಕಾಟಗಳಲ್ಲಿ ಸುಮಾರು ಒಂಬತ್ತು ಅದರಲ್ಲೇ ನಡೆಯುತ್ತವೆ. ಮೈಕ್ರೋಸಾಫ್ಟ್ ಕಂಪೆನಿಯ ಬಿಂಗ್ 2009ರಲ್ಲಿ ಬಂತು. ಯಾಹೂ ಹುಡುಕಾಟದ ಹಿಂದೆ ಇರುವುದೂ ಬಿಂಗ್. 2008ರ ಡಕ್‌ಡಕ್‌ಗೋ ನಾವು ಏನು ಹುಡುಕಿದೆವು ಎಂಬುದನ್ನು ಉಳಿಸಿಕೊಳ್ಳುವುದಿಲ್ಲ ಎಂಬ ಮಾತಿನ ಮೇಲೆ ನಿಂತಿದೆ. ಆದರೆ ಅದರ ಫಲಿತಾಂಶಗಳಲ್ಲಿ ಹೆಚ್ಚಿನವು ಬಿಂಗ್‌ನಿಂದ ಬಂದವು. ಬ್ರೇವ್ ಸರ್ಚ್ 2021ರಲ್ಲಿ ಬಂದದ್ದು. ಅದು ತನ್ನದೇ ಪಟ್ಟಿಯನ್ನು ಕಟ್ಟಿಕೊಂಡಿದೆ. ಹಾಗಾಗಿ ಒಂದರಲ್ಲಿ ಸಿಗದ್ದನ್ನು ಬೇರೊಂದರಲ್ಲಿ ನೋಡುವುದಾದರೆ ಬಿಂಗ್ ಬಿಟ್ಟು ಯಾಹೂಗೆ ಹೋಗಿ ಹೆಚ್ಚಿನ ಪ್ರಯೋಜನವಿಲ್ಲ. ಗೂಗಲ್, ಬಿಂಗ್, ಬ್ರೇವ್ ಇವು ಮಾತ್ರ ನಿಜಕ್ಕೂ ಬೇರೆ ಬೇರೆ ಪಟ್ಟಿಗಳು.

ಯಾವ ಕೆಲಸಕ್ಕೆ ಯಾವುದು?

ಊರಿನ ಹುಡುಕಾಟ: ರಾತ್ರಿ ಹನ್ನೊಂದಕ್ಕೆ ತೆರೆದಿರುವ ಮೆಡಿಕಲ್ ಯಾವುದು, ಹೊಸ ಊರಿನಲ್ಲಿ ಮಸೀದಿ ಎಲ್ಲಿದೆ ಎಂಬುದಕ್ಕೆ ಗೂಗಲ್‌ಗೆ ಸಾಟಿಯಿಲ್ಲ. ಅದರ ನಕ್ಷೆಗೆ ಸಣ್ಣ ಊರುಗಳ ಅಂಗಡಿಗಳೂ ಸೇರಿವೆ. ಡಕ್‌ಡಕ್‌ಗೋ ಬಳಸುವುದು ಆಪಲ್‌ನ ನಕ್ಷೆಯನ್ನು. ನಮ್ಮ ಊರುಗಳ ವಿಷಯದಲ್ಲಿ ಅದು ಅಷ್ಟು ತುಂಬಿಕೊಂಡಿಲ್ಲ.

ಕನ್ನಡದ ಹುಡುಕಾಟ: ಕನ್ನಡ ಅಕ್ಷರದಲ್ಲಿ ಬರೆದು ಹುಡುಕುವುದಕ್ಕೂ ಗೂಗಲ್ ಮುಂದಿದೆ. ಬರೆಯಲು ಬಾರದ ಅಜ್ಜಿಯೂ ಮೈಕ್ ಒತ್ತಿ ಕನ್ನಡದಲ್ಲೇ ಕೇಳಬಹುದು. ಈ ಸೌಲಭ್ಯ 2017ರಲ್ಲಿ ಬಂತು.

ಖಾಸಗಿ ಹುಡುಕಾಟ: ನಮ್ಮ ಅನೇಕ ಮನೆಗಳಲ್ಲಿ ಒಂದೇ ಮೊಬೈಲ್ ಎಲ್ಲರ ಕೈಗೂ ಹೋಗುತ್ತದೆ. ತಾಯಿ ತನ್ನ ಕಾಯಿಲೆಯ ಬಗ್ಗೆ ಹುಡುಕಿದ್ದು, ತಂದೆ ಸಾಲದ ಬಗ್ಗೆ ಹುಡುಕಿದ್ದು ಮಕ್ಕಳು ಮೊದಲ ಅಕ್ಷರ ಬರೆದ ಕೂಡಲೇ ಕೆಳಗೆ ಇಳಿದು ಬರುತ್ತದೆ. ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ, ನಾವೇ ನಿಲ್ಲಿಸದ ಹೊರತು, ಹುಡುಕಿದ ಪದಗಳು ಖಾತೆಯ ದಾಖಲೆಯಲ್ಲಿ ಉಳಿಯಬಹುದು. ಇಂಥ ವಿಷಯಗಳಿಗೆ ಡಕ್‌ಡಕ್‌ಗೋ ಅಥವಾ ಬ್ರೇವ್ ಒಳ್ಳೆಯದು. ಆದರೂ ತೆರೆದು ನೋಡಿದ ಪುಟಗಳ ಹೆಸರು ಬ್ರೌಸರ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಅದನ್ನು ಬೇರೆಯಾಗಿ ಅಳಿಸಬೇಕು. 'ಇನ್‌ಕಾಗ್ನಿಟೊ' ಕಿಟಕಿ ಮೊಬೈಲಿನ ಹಿಸ್ಟರಿಯನ್ನು ಮಾತ್ರ ಉಳಿಸದೆ ಬಿಡುತ್ತದೆ. ನಾವು ಭೇಟಿ ಕೊಟ್ಟ ತಾಣಗಳ ಕಣ್ಣಿಗೆ ನಮ್ಮನ್ನು ಮರೆಮಾಡುವುದಿಲ್ಲ.

ಫೋಟೋ ಪರೀಕ್ಷೆ: ವಾಟ್ಸಾಪ್ ಗುಂಪಿನಲ್ಲಿ ಒಂದು ಗಲಭೆಯ ಚಿತ್ರ ಬರುತ್ತದೆ, 'ಇಂದು ಬೆಳಿಗ್ಗೆ ನಮ್ಮ ಪಕ್ಕದ ಊರಿನಲ್ಲಿ' ಎಂಬ ಬರಹದೊಂದಿಗೆ. ಅದನ್ನು ಮುಂದೆ ಕಳಿಸುವ ಮೊದಲು ಗೂಗಲ್ ಲೆನ್ಸ್‌ಗೆ ಅಥವಾ ಬಿಂಗ್‌ನ ಚಿತ್ರ ಹುಡುಕಾಟಕ್ಕೆ ಹಾಕಿ. ಟಿನ್‌ಐ ಎಂಬ ತಾಣವಂತೂ ಆ ಚಿತ್ರ ತನ್ನ ಪಟ್ಟಿಯಲ್ಲಿ ಅತಿ ಹಳೆಯದಾಗಿ ಎಲ್ಲಿ ಕಂಡಿತು ಎಂಬುದನ್ನೂ ತೋರಿಸುತ್ತದೆ. ವರ್ಷಗಳ ಹಿಂದಿನ, ಬೇರೆ ದೇಶದ ಚಿತ್ರ ಎಂದು ಅರ್ಧ ನಿಮಿಷದಲ್ಲಿ ತಿಳಿದರೆ ಒಂದು ಊರಿನ ನೆಮ್ಮದಿ ಉಳಿಯಬಹುದು. ಕೇಳಿದ ಸುದ್ದಿಯನ್ನು ಪರಿಶೀಲಿಸದೆ ಹರಡಬೇಡಿ ಎಂದು ಮಿಂಬರ್‌ನಿಂದ ನಾವು ಮತ್ತೆ ಮತ್ತೆ ಕೇಳುವ ಮಾತು ಮೊಬೈಲಿಗೂ ಅನ್ವಯ.

ಯಾವುದೂ ಸಾಲದ ಕಡೆ

ಕೆಲವು ವಿಷಯಗಳಿಗೆ ಯಾವ ಸರ್ಚ್ ಇಂಜಿನ್‌ನ ಮೊದಲ ಸಾಲನ್ನೂ ನಂಬುವಂತಿಲ್ಲ.

ಮೊದಲನೆಯದು ಹಣ. ವಂಚಕರು ಬ್ಯಾಂಕಿನ ಹೆಸರು, 'ಕಸ್ಟಮರ್ ಕೇರ್' ಎಂಬ ಪದ ಮತ್ತು ತಮ್ಮ ನಂಬರನ್ನು ತುಂಬಿ ಪುಟಗಳನ್ನು ಮಾಡುತ್ತಾರೆ, ಜಾಹೀರಾತು ಕೊಳ್ಳುತ್ತಾರೆ, ನಕ್ಷೆಯಲ್ಲೂ ತಮ್ಮ ನಂಬರ್ ಸೇರಿಸುತ್ತಾರೆ. ಯಂತ್ರಕ್ಕೆ ಪದ ಹೊಂದಿದರೆ ಸಾಕು, ಅದು ತೋರಿಸಿಬಿಡುತ್ತದೆ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂಬದಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಇರುತ್ತದೆ. ಅಲ್ಲಿಂದಲೇ ತೆಗೆದುಕೊಳ್ಳಿ.

ಎರಡನೆಯದು ಸರ್ಕಾರಿ ಕೆಲಸ. ಪಾಸ್‌ಪೋರ್ಟ್ ಮಾಡಿಸಲು ಹುಡುಕಿದರೆ ಸರ್ಕಾರದ ತಾಣದಂತೆಯೇ ಕಾಣುವ, ಹೆಚ್ಚು ಹಣ ಕೇಳುವ ಖಾಸಗಿ ತಾಣಗಳೂ ಎದುರಾಗುತ್ತವೆ. ಇಂಥ ನಕಲಿ ತಾಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ನಿಜವಾದ ವಿಳಾಸ 'ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್'. ಕೇಂದ್ರ, ರಾಜ್ಯ ಸರ್ಕಾರದ ತಾಣಗಳ ವಿಳಾಸ ಸಾಮಾನ್ಯವಾಗಿ 'ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ವಿದ್ಯಾರ್ಥಿವೇತನ, ಆಧಾರ್, ಹಜ್ ಅರ್ಜಿ ಯಾವುದೇ ಇರಲಿ, ಬಣ್ಣ ಮತ್ತು ಲಾಂಛನ ನೋಡಿ ನಂಬದೆ, ಮೇಲಿನ ವಿಳಾಸದ ಕೊನೆಯನ್ನು ಓದಿ.

ಮೂರನೆಯದು ಆರೋಗ್ಯ. ಈಗ ಕೆಲವು ಹುಡುಕಾಟಗಳಲ್ಲಿ ಎಲ್ಲಕ್ಕಿಂತ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶ ಬರುತ್ತದೆ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಇಂಥ ಸಾರಾಂಶ, ಪಿಜ್ಜಾದ ಮೇಲೆ ಚೀಸ್ ನಿಲ್ಲಲು ಅಂಟು ಹಾಕಿ ಎಂದು ಸಲಹೆ ಕೊಟ್ಟಿತ್ತು. ಯಾರೋ ಎಂದೋ ತಮಾಷೆಗೆ ಬರೆದದ್ದನ್ನು ಅದು ನಿಜವೆಂದು ಎತ್ತಿಕೊಂಡಿತ್ತು. ಅಂಟಿನ ಮಾತು ಕೇಳಿ ನಕ್ಕುಬಿಡಬಹುದು. ಮಗುವಿಗೆ ಜ್ವರದ ಔಷಧ ಎಷ್ಟು ಎಂಬ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ನಗುವಂತಿಲ್ಲ. ಅದನ್ನು ವೈದ್ಯರಲ್ಲೇ ಕೇಳಬೇಕು.

ನಮಾಝ್ ವೇಳೆಯೂ ಇದಕ್ಕೊಂದು ಉದಾಹರಣೆ. ಹುಡುಕಿದರೆ ಪಟ್ಟಿ ತಕ್ಷಣ ಬರುತ್ತದೆ, ಆದರೆ ಯಾವ ಲೆಕ್ಕದ ಪ್ರಕಾರ ಎಂಬುದು ಹಲವು ಬಾರಿ ಕಾಣುವುದಿಲ್ಲ. ಶಾಫಿ ಮತ್ತು ಹನಫಿ ಲೆಕ್ಕದಲ್ಲಿ ಅಸರ್ ಆರಂಭಕ್ಕೆ ನಮ್ಮ ಕಡೆ ಸುಮಾರು ಒಂದು ಗಂಟೆಯಷ್ಟು ವ್ಯತ್ಯಾಸ ಬೀಳುತ್ತದೆ. ನಮ್ಮ ಮಸೀದಿಯ ಗೋಡೆಯ ವೇಳಾಪಟ್ಟಿ ಅದಕ್ಕಿಂತ ಖಚಿತ.

ಹಾಗಾದರೆ ಏನು ಮಾಡಬೇಕು? ದಿನದ ಸಣ್ಣಪುಟ್ಟ ಹುಡುಕಾಟಕ್ಕೆ ಗೂಗಲ್ ಸಾಕು. ಖಾಸಗಿ ವಿಷಯಕ್ಕೆ ಡಕ್‌ಡಕ್‌ಗೋ ಇಟ್ಟುಕೊಳ್ಳಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಇಂಜಿನ್' ಎಂಬಲ್ಲಿ ಬದಲಿಸಿಕೊಳ್ಳಬಹುದು. ಸಂಶಯ ಬಂದಾಗ ಬೇರೆ ಪಟ್ಟಿಯಿರುವ ಇನ್ನೊಂದರಲ್ಲಿ ನೋಡಿ. ಹಣ, ದಾಖಲೆ, ಔಷಧದ ವಿಷಯವಾದರೆ ಪಟ್ಟಿಯನ್ನು ದಾಟಿ ಮೂಲಕ್ಕೇ ಹೋಗಿ. ಮೋಸ ಹೋದದ್ದು ತಿಳಿದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೇಷ್ಟ್ರಿಗೆ ಆ ನಂಬರ್ ಅಂದು ಗೊತ್ತಿರಲಿಲ್ಲ. ಮರುದಿನ ಬ್ಯಾಂಕ್ ತೆರೆಯುವವರೆಗೆ ಕಾದರು. ಈಗ ಅವರ ಮನೆಯ ಕ್ಯಾಲೆಂಡರ್ ಮೇಲೆ ಎರಡು ನಂಬರ್‌ಗಳು ದಪ್ಪ ಅಕ್ಷರದಲ್ಲಿವೆ: ಪಾಸ್‌ಬುಕ್ಕಿನಿಂದ ನೋಡಿ ಬರೆದ ಬ್ಯಾಂಕಿನದ್ದು ಒಂದು, 1930 ಇನ್ನೊಂದು. ಈ ಪುಟ ಮುಚ್ಚುವ ಮೊದಲು ನಿಮ್ಮ ಮನೆಯ ಕ್ಯಾಲೆಂಡರ್ ಮೇಲೂ ಅವನ್ನು ಬರೆದಿಡಿ.