ಬಾಣ ನಾಟಿದ ಮೇಲೆ ಶುರುವಾಗುವ ಯುದ್ಧ

ಕುಂಬಳೆ ಸೀಮೆಯ ಅನಂತಪುರಕ್ಕೆ ಹೊರಗಿನವರು ಬರುವುದು ಕೆರೆಯ ನಡುವಿನ ದೇವಸ್ಥಾನ ನೋಡಲು, 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೊಸಳೆ ಬಬಿಯನ ಕತೆ ಕೇಳಲು. ಆಟಿ ತಿಂಗಳ ಮಳೆಯಲ್ಲಿ ರಾತ್ರಿ ಉಳಿದವರಿಗೆ ಇನ್ನೊಂದು ಲಾಭವುಂಟು. ಬೇಸಗೆಯ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಮನೆಗಳ ಚಾವಡಿಯಲ್ಲಿ ಕೂತು ಮಾತಾಡುವ ಯಕ್ಷಗಾನ, ತಾಳಮದ್ದಳೆ, ನಡೆಯುತ್ತದೆ.

ಅಂಥದೊಂದು ಚಾವಡಿಯಲ್ಲಿ ಪ್ರಸಂಗ ವಾಲಿಮೋಕ್ಷ. ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಶಾಲಿನ ಇಬ್ಬರು ಹಿರಿಯರು ಎದುರುಬದುರು. ಅಣ್ಣತಮ್ಮಂದಿರ ರೂಪ ಒಂದೇ ಎಂದು ರಾಮಾಯಣದಲ್ಲಿ ಸುಗ್ರೀವನ ಕೊರಳಿಗೆ ಹೂಬಳ್ಳಿ ಹಾಕಬೇಕಾಯಿತು. ಇಲ್ಲಿ ಕನ್ನಡಕ ಹಾಕಿದವರು ಸುಗ್ರೀವ.

ಕಾಳಗ ಚೆಂಡೆಯ ಅಬ್ಬರದಲ್ಲಿ ಬೇಗ ಮುಗಿಯಿತು. ಬಾಣ ನಾಟಿದ ಮೇಲೆಯೇ ನಿಜವಾದ ಯುದ್ಧ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸುತ್ತಾನೆ, ವಾಲಿ ಬಿಡುವುದಿಲ್ಲ. ಎದೆಗೆ ಬಾಣ ಹೊಕ್ಕವನು ಇಷ್ಟು ಹೊತ್ತು ತರ್ಕ ಮಾಡುವುದನ್ನು ವೈದ್ಯರು ಒಪ್ಪಲಿಕ್ಕಿಲ್ಲ. ಚಾವಡಿಯಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಹಾಡುವ ಪದ ಮಾತ್ರ ಕವಿಯದು, ಅರ್ಥವೆಂಬ ಮಾತು ಆ ಹೊತ್ತಿಗೆ ಹುಟ್ಟಿದ್ದು. ರಾಮನ ಅರ್ಥ ಹೇಳುವ ಅರ್ಥಧಾರಿ ಸ್ವಲ್ಪ ಸಡಿಲ ಬಿಟ್ಟರೂ ವಾಲಿ ಗೆದ್ದುಬಿಡುತ್ತಾನೆ. ಹಾಗೆ ಗೆದ್ದರೆ ಪ್ರಸಂಗ ಕೆಟ್ಟಿತೆಂದೇ ಲೆಕ್ಕ.

ಪದಗಳು ಕುಂಬಳೆಯ ಕಣಿಪುರ ಗೋಪಾಲಕೃಷ್ಣನ ಭಕ್ತ ಪಾರ್ತಿಸುಬ್ಬನವು. ಶಿವರಾಮ ಕಾರಂತರು ಈ ಕರ್ತೃತ್ವದ ಬಗ್ಗೆ ಸಂಶಯ ಎತ್ತಿದ್ದರು. ವಿದ್ವಾಂಸರಾದ ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪರ ನಿಂತರು. ಕುಂಬಳೆಯಲ್ಲಿ ಕಾರಂತರ ವಾದ ಎತ್ತದಿರುವುದೇ ಕ್ಷೇಮ. ಇದೇ ಸೀಮೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರಿಗೆ ಇಂದಿಗೂ ಬೇರೆ ವಾಲಿ ಸುಲಭಕ್ಕೆ ರುಚಿಸುವುದಿಲ್ಲ.

ವಾಲಿ, ಸುಗ್ರೀವರೆಂಬ ಈ ಅಣ್ಣತಮ್ಮಂದಿರನ್ನು ಒಡೆದದ್ದು ಒಂದು ತಪ್ಪು ಗ್ರಹಿಕೆ. ಮಾಯಾವಿಯ ಬೆನ್ನಟ್ಟಿ ಗುಹೆ ಹೊಕ್ಕ ಅಣ್ಣ ಸತ್ತನೆಂದು ತಿಳಿದು ತಮ್ಮ ಬಂಡೆ ಮುಚ್ಚಿ ಬಂದ. ಮರಳಿದ ಅಣ್ಣನಿಗೆ ಸಿಂಹಾಸನದಲ್ಲಿ ಕಂಡವನು ದ್ರೋಹಿ. ಜಾಗದ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೇಳುಗರ ನಡುವೆಯೂ ಇದ್ದಾರು.

ಮಗ ಅಂಗದನನ್ನು ತಮ್ಮನಿಗೆ ಒಪ್ಪಿಸುವಾಗ ವಾಲಿಯ ಅರ್ಥಧಾರಿ ದನಿ ಏರಿಸಲಿಲ್ಲ. ಹೆಗಲ ಶಾಲು ತೆಗೆದು ತೊಡೆಯ ಮೇಲೆ ಮಡಚಿಟ್ಟರು. ಮುಂದೆ ಕೂತಿದ್ದ ಅಜ್ಜರೊಬ್ಬರು ಬೈರಾಸಿನಲ್ಲಿ ಮೂಗು ಒರೆಸಿಕೊಂಡರು. ಆದರೆ ಅಜ್ಜರ ಕಣ್ಣು ಇದ್ದದ್ದು ಸುಗ್ರೀವನ ಮೇಲೆ. ರಾಜ್ಯ ಸಿಕ್ಕಿದವನು, ಅಣ್ಣನನ್ನು ಕೊಲ್ಲಿಸಿದವನು, ಈಗ ಅಳಬೇಕಾದವನು. ವಾಲಿಗೆ ಮಾತಿನ ರಾಶಿಯೇ ಇದೆ. ಇವನಿಗೆ ಉಳಿಯುವುದು ನಾಲ್ಕು ವಾಕ್ಯ, ಅಷ್ಟರಲ್ಲೇ ಪಶ್ಚಾತ್ತಾಪ ಬರಬೇಕು. ಪ್ರಸಂಗದ ಕಷ್ಟದ ಅರ್ಥ ಸುಗ್ರೀವನದೇ. ಸಂಘಟಕರು ಅದನ್ನು ಹೊಸಬರ ಪಾಲಿಗೆ ತಳ್ಳುವುದನ್ನು ಇನ್ನಾದರೂ ಬಿಡಬೇಕು.