ಹೆಡ್‌ಲೈಟಿನ ಬಲ್ಬು ಬದಲಿಸುವ ಬಗೆ

ದೂರದ ಪ್ರಯಾಣಕ್ಕೆ ಹಳೆಯ ಬುಲೆಟ್ ಮೋಟಾರ್ ಸೈಕಲನ್ನೇ ನೆಚ್ಚಿದ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಕತ್ತಲ ತಿರುವಿನಲ್ಲಿ ದೀಪ ಆರಿದರೆ ಸವಾರನ ಪಾಡೇನು? ಈ ಕೆಲಸವನ್ನು ಹಗಲಿನಲ್ಲೇ ಕಲಿತಿಟ್ಟುಕೊಳ್ಳೋಣ.

ಡಿಮ್, ಬ್ರೈಟ್ ಎರಡೂ ಉರಿಯದಿದ್ದರೆ ಮೊದಲು ಫ್ಯೂಸನ್ನು ನೋಡಬೇಕು. ಒಂದು ಮಾತ್ರ ಉರಿಯದಿದ್ದರೆ ಹೆಚ್ಚಾಗಿ ಬಲ್ಬಿನೊಳಗಿನ ತಂತಿ ಕಡಿದಿರುತ್ತದೆ. ಎಚ್-4 ಎಂಬ 12 ವೋಲ್ಟಿನ ಹ್ಯಾಲೊಜನ್ ಬಲ್ಬಿನಲ್ಲಿ ಅಂಥ ತಂತಿಗಳು ಎರಡು: ದೂರಕ್ಕೆ 60 ವಾಟ್, ಹತ್ತಿರಕ್ಕೆ 55 ವಾಟ್. ವಾಟನ್ನು ವೋಲ್ಟಿನಿಂದ ಭಾಗಿಸಿದರೆ 5 ಆಂಪಿಯರ್. 100 ವಾಟಿನ ಬಲ್ಬು ಹಾಕುವ ಆಸೆ ಬೇಡ. ಹಳೆಯ ವೈರು, ಸ್ವಿಚ್ಚುಗಳು ಆ ಭಾರ ತಾಳದೆ ಬಿಸಿಯೇರುತ್ತವೆ.

ಸ್ವಿಚ್ಚು ಆರಿಸಿ ಬಲ್ಬು ತಣಿಯಲು ಬಿಡಿ. ರಿಮ್ಮಿನ ತಿರುಪು ಸಡಿಲಿಸಿ, ದೀಪವನ್ನು ಕೈಯಲ್ಲಿ ಹಿಡಿದೇ ಹೊರಗೆಳೆಯಿರಿ. ವೈರಿನ ಮೇಲೆ ತೂಗಬಿಡಬಾರದು. ಪ್ಲಗ್ಗು, ರಬ್ಬರ್ ಟೋಪಿ, ಸ್ಪ್ರಿಂಗು ಕಳಚಿದರೆ ಬಲ್ಬು ಕೈಗೆ ಬರುತ್ತದೆ.

ಹೊಸ ಬಲ್ಬಿನ ಗಾಜನ್ನು ಮುಟ್ಟಬಾರದು. ನಮಗೂ ಮೊದಲು ಇದು ಮಡಿ-ಮೈಲಿಗೆಯ ಮಾತಿನಂತೆ ಕಂಡಿತ್ತು! ಆದರೆ ಬೆರಳಿನ ಜಿಡ್ಡು ಅಂಟಿದ ಜಾಗ, ಬಲ್ಬು ಉರಿಯುವಾಗ ಮಿತಿಮೀರಿ ಕಾದು ಗಾಜು ಕೆಡುತ್ತದೆ. ಮುಟ್ಟಿಹೋದರೆ ಸ್ಪಿರಿಟ್ಟಿನಿಂದ ಒರಸಿರಿ.

ಬುಡದ ಮೂರು ನಾಲಿಗೆಗಳು ಒಂದೇ ರೀತಿಯಲ್ಲಿ ಕೂರುತ್ತವೆ, ಒತ್ತಾಯ ಮಾಡಬಾರದು. ಹತ್ತಿರದ ತಂತಿಯ ಕೆಳಗೆ ದೊನ್ನೆಯಂಥ ಪುಟ್ಟ ತಗಡಿದೆ. ಅದು ಕೆಳಮುಖದ ಬೆಳಕನ್ನು ತಡೆಯುವುದರಿಂದ ಪ್ರತಿಫಲಕದ ಮೇಲರ್ಧ ಮಾತ್ರ ಬೆಳಗಿ, ಬೆಳಕು ರಸ್ತೆಗೆ ಇಳಿಯುತ್ತದೆ. ಬಲ್ಬು ಓರೆಯಾಗಿ ಕೂತರೆ ಎದುರು ಬರುವವರ ಕಣ್ಣು ಕೋರೈಸುತ್ತದೆ. ರಿಮ್ಮು ಬಿಗಿದ ಮೇಲೆ ಡಿಮ್, ಬ್ರೈಟ್ ಎರಡನ್ನೂ ಗೋಡೆಯ ಮೇಲೆ ಹಾಯಿಸಿ ನೋಡಿರಿ.