ಹಾಡಿನಲ್ಲಿ ಇಲ್ಲದ ಓಲಗ ಕೇಳಿಸಿದ್ದು ಹೇಗೆ? ಹಳೆಯ ಮ್ಯೂಸಿಕ್ ಟ್ರ್ಯಾಕರ್‌ಗಳ ಬಗ್‌ಗಳು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಟ್ರೈನಿನಲ್ಲಿ ಓದ್ಕೋತೀವಿ ಅನ್ನುವವರಿಗಾಗಿ ಈ ವಾರದ ಮಾತು ಬರಹದಲ್ಲಿ. ನಾನೂ ದಿನಾ ಎಣ್ಣೂರಿನಿಂದ ಸೆಂಟ್ರಲ್ ಕಡೆಗೆ ಲೋಕಲ್ ಹಿಡಿಯುವವನೇ, ಕಷ್ಟ ಗೊತ್ತು.

ವಿಷಯ ಶುರುವಾದದ್ದು ದೊಡ್ಡಮ್ಮನಿಂದ. ದಾವಣಗೆರೆಯಿಂದ ನಮ್ಮ ಎಣ್ಣೂರಿನ ಮನೆಗೆ ಹದಿನೈದು ದಿನ ಇರೋಕೆ ಬಂದಿದ್ದರು. ಬರುವಾಗ ಅಣ್ಣನ, ಅಂದರೆ ಅವರ ಮಗನ, ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಂದಿದ್ದರು. ಅಣ್ಣ ಹೋಗಿ ನಾಲ್ಕು ವರ್ಷ ಆಯ್ತು. 1999ರಲ್ಲಿ ಅವನು ಫಾಸ್ಟ್‌ಟ್ರ್ಯಾಕರ್ 2 ಅನ್ನೋ ಡಾಸ್ ಸಾಫ್ಟ್‌ವೇರ್‌ನಲ್ಲಿ ಹಾಡು ಕಟ್ಟುತ್ತಿದ್ದ. ನಾನು ಒಂಬತ್ತು ವರ್ಷದ ಹುಡುಗ, ಪಕ್ಕದಲ್ಲಿ ಕೂತು ನೋಡ್ತಿದ್ದೆ.

ಡಿಸ್ಕ್ ಓದಿಸಿ, ಒಂದು ಎಕ್ಸ್‌ಎಂ ಫೈಲನ್ನು ಫೋನಿನ ಪ್ಲೇಯರ್‌ಗೆ ಹಾಕಿದೆ. ದೊಡ್ಡಮ್ಮ ಕೇಳುತ್ತಾ ಕೇಳುತ್ತಾ, "ಈ ಓಲಗ ಅವನ ಹಾಡಲ್ಲಿ ಇರ್ಲಿಲ್ಲ ಕಣೋ" ಅಂದರು. ಎಪ್ಪತ್ತು ದಾಟಿದವರು, ಮರೆತಿರಬೇಕು ಅಂದ್ಕೊಂಡೆ. ತಪ್ಪು ನನ್ನದೇ.

ಟ್ರ್ಯಾಕರ್ ಅಂದರೆ ಏನು ಅಂತ ಮೊದಲು ನೋಡೋಣ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ ಈ ವಂಶ ಶುರು. ಸಂಗೀತವನ್ನು ಎಕ್ಸೆಲ್ ಶೀಟ್ ಥರ ಕಲ್ಪಿಸಿಕೊಳ್ಳಿ. ಒಂದೊಂದು ಕಂಬ ಒಂದು ಚಾನೆಲ್, ಮೇಲಿಂದ ಕೆಳಕ್ಕೆ ಸಾಲುಗಳು, ಅಂಥ 64 ಸಾಲು ಸೇರಿದರೆ ಸಾಮಾನ್ಯವಾಗಿ ಒಂದು ಪ್ಯಾಟರ್ನ್. ಸ್ವರದ ಪಕ್ಕದಲ್ಲಿ ಪುಟ್ಟ ಕಮ್ಯಾಂಡ್‌ಗಳನ್ನೂ ಬರೆಯಬಹುದು. ಸ್ವೀಡನ್ನಿನ ಟ್ರೈಟನ್ ತಂಡ 1994ರಲ್ಲಿ ಬಿಟ್ಟ ಫಾಸ್ಟ್‌ಟ್ರ್ಯಾಕರ್ 2ರಲ್ಲಿ ಇಂಥ 32 ಚಾನೆಲ್ ಇದ್ದವು. ಎಕ್ಸ್‌ಎಂ ಫೈಲಿನಲ್ಲಿ ಇರುವುದು ಎಂಪಿ3 ಥರ ರೆಕಾರ್ಡ್ ಆದ ಹಾಡಲ್ಲ. ಸ್ಯಾಂಪಲ್‌ಗಳು ಮತ್ತು ಸೂಚನೆಗಳು, ಅಷ್ಟೇ. ನುಡಿಸುವ ಕೆಲಸ ಪ್ಲೇಯರಿನದು. ಪ್ಲೇಯರ್ ಬದಲಾದರೆ ಹಾಡೂ ಬದಲಾಗಬಹುದು.

ನಮ್ಮ ಓಲಗದ ಮೂಲ ಇಲ್ಲಿದೆ. ಇ60 ಅನ್ನೋ ಕಮ್ಯಾಂಡ್ "ಇಲ್ಲಿಂದ ಲೂಪ್ ಶುರು" ಅಂತ ಗುರುತು ಹಾಕುತ್ತದೆ. ಮುಂದೆ ಇ61 ಸಿಕ್ಕಾಗ ಆ ಗುರುತಿಗೆ ಹಿಂತಿರುಗಿ ಇನ್ನೊಂದು ಸಲ ನುಡಿಸುತ್ತದೆ. ಅಣ್ಣ 16ನೇ ಸಾಲಿನಲ್ಲಿ ಇ60, 31ರಲ್ಲಿ ಇ61 ಇಟ್ಟಿದ್ದ. ಫಾಸ್ಟ್‌ಟ್ರ್ಯಾಕರ್ 2 ಹಿಂದಿರುಗಬೇಕಾದ ಸಾಲಿನ ನಂಬರನ್ನು ಒಂದು ವೇರಿಯಬಲ್‌ನಲ್ಲಿ ಇಡುತ್ತದೆ. "ಮುಂದಿನ ಪ್ಯಾಟರ್ನ್ ಯಾವ ಸಾಲಿನಿಂದ ಶುರು" ಅಂತ ನೋಡುವುದೂ ಅದೇ ವೇರಿಯಬಲ್ಲನ್ನು. ಲೂಪ್ ಮುಗಿದ ಮೇಲೆ ಅದನ್ನು ಸೊನ್ನೆ ಮಾಡಲು ಬರೆದವರು ಮರೆತಿದ್ದಾರೆ. ಹಾಗಾಗಿ ಮುಂದಿನ ಪ್ಯಾಟರ್ನ್ ಸೊನ್ನೆಯಿಂದ ಅಲ್ಲ, ಸೀದಾ 16ನೇ ಸಾಲಿನಿಂದ ಶುರುವಾಗುತ್ತದೆ! ಕೋಡ್ ರಿವ್ಯೂನಲ್ಲಿ ನಾವು ದಿನಾ ಬೈಸಿಕೊಳ್ಳುವ ಜಾತಿಯದೇ ಬಗ್.

ಅಣ್ಣನಿಗೆ ಕಾರಣ ಗೊತ್ತಿರಲಿಕ್ಕಿಲ್ಲ, ಪರಿಣಾಮ ಮಾತ್ರ ಕಿವಿಗೆ ಗೊತ್ತಿತ್ತು. ಕೇಳಿಸದ ಆ ಮೊದಲ 16 ಸಾಲುಗಳನ್ನು ಅವನು ರಫ್ ಪುಸ್ತಕ ಮಾಡಿಕೊಂಡಿದ್ದಾನೆ. ಯಾವುದೋ ಕ್ಯಾಸೆಟ್‌ನಿಂದ ಕತ್ತರಿಸಿದ ಓಲಗದ ತುಣುಕನ್ನು ಅಲ್ಲಿ ಹಾಕಿ ನೋಡಿ, ಹಾಗೇ ಬಿಟ್ಟಿದ್ದಾನೆ. ಫೋನಿನ ಪ್ಲೇಯರ್ ಬಗ್ ಇಲ್ಲದ ಸಭ್ಯ ಪ್ಲೇಯರ್, ಅದನ್ನೂ ನುಡಿಸಿತು. 125 ಟೆಂಪೋ, ಸ್ಪೀಡ್ 6 ಇದ್ದಾಗ ಒಂದು ಟಿಕ್ 20 ಮಿಲಿಸೆಕೆಂಡ್, ಆರು ಟಿಕ್ ಸೇರಿ ಒಂದು ಸಾಲು, ಅಂದರೆ 120. ಹದಿನಾರು ಸಾಲಿಗೆ 1.92 ಸೆಕೆಂಡ್. ದೊಡ್ಡಮ್ಮ ಹಿಡಿದದ್ದು ಆ ಎರಡು ಸೆಕೆಂಡನ್ನು.

ಸರಿ, ಮೂಲ ಮೆಷಿನ್ನಿನಲ್ಲೇ ಕೇಳೋಣ ಅಂದರೆ ಅದು ಬೇರೆ ಗೋಳು. ಹಿಂದಿನ ಸಲ ಊರಿನಿಂದ ತಂದಿದ್ದ ಕ್ಯಾಬಿನೆಟ್ ಇಲ್ಲಿನ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿದೆ, ಕೆಪಾಸಿಟರ್‌ಗಳು ಊದಿಕೊಂಡಿವೆ. ಮೆಷಿನ್ ಬದಲಿಸಿದರೂ ಆಗಲ್ಲ. ಆಗಿನ ಡಾಸ್ ಟ್ರ್ಯಾಕರ್‌ಗಳಿಗೆ ಡ್ರೈವರ್ ಅನ್ನೋ ಮಧ್ಯವರ್ತಿ ಇರಲಿಲ್ಲ, ಸೌಂಡ್ ಕಾರ್ಡಿನ ಜೊತೆ ನೇರ ಮಾತು. ಸೌಂಡ್ ಬ್ಲಾಸ್ಟರ್ ಆದರೆ ವಿಳಾಸ 220, ಐಆರ್‌ಕ್ಯೂ 5 ಅಥವಾ 7, ಡಿಎಂಎ 1. ಪ್ರಿಂಟರ್ ಪೋರ್ಟ್ ಕೂಡ 7ನ್ನೇ ಬಳಸುವುದರಿಂದ ಎರಡಕ್ಕೂ ಜಗಳ ಬೀಳಬಹುದಿತ್ತು. ಅಣ್ಣನ ಮೆಷಿನ್ನಿನಲ್ಲಿ ಮೊದಲ ತುಣುಕೇ ತೊದಲುತ್ತಾ ನಿಂತುಬಿಡುತ್ತಿದ್ದದ್ದು ನನಗೆ ನೆನಪಿದೆ. 5ಕ್ಕೆ ಬದಲಾಯಿಸಿದ ಮೇಲೆ ಸರಿಹೋಯ್ತು. ಆಮೇಲೆ ಬಂದ ಪಿಸಿಐ ಕಾರ್ಡ್‌ಗಳಲ್ಲಿ ಆ ಹಳೆಯ ಡಿಎಂಎ ವ್ಯವಸ್ಥೆಯೇ ಇಲ್ಲ. ವಿಂಡೋಸ್ ಎಕ್ಸ್‌ಪಿ ಡಾಸ್ ಪ್ರೋಗ್ರಾಮ್‌ಗಳಿಗೆ ಹಾರ್ಡ್‌ವೇರನ್ನು ನೇರ ಮುಟ್ಟಲು ಬಿಡಲಿಲ್ಲ. 64 ಬಿಟ್ ವಿಂಡೋಸ್‌ನಲ್ಲಂತೂ ಅವು ಶುರುವೇ ಆಗಲ್ಲ.

ಸೌಂಡ್ ಬ್ಲಾಸ್ಟರ್ ಬಿಟ್ಟರೆ ಟ್ರ್ಯಾಕರ್ ಮಂದಿಯ ಮುದ್ದಿನ ಕಾರ್ಡ್ ಗ್ರಾವಿಸ್ ಅಲ್ಟ್ರಾಸೌಂಡ್. ಚಾನೆಲ್‌ಗಳನ್ನು ಬೆರೆಸುವ ಕೆಲಸವನ್ನು ಕಾರ್ಡೇ ಮಾಡುತ್ತಿತ್ತು, ಪ್ರೊಸೆಸರಿಗೆ ಆರಾಮ. ಆದರೆ 14 ಧ್ವನಿಗಳವರೆಗೆ 44.1 ಕಿಲೋಹರ್ಟ್ಸ್ ಇದ್ದದ್ದು 32 ಧ್ವನಿಗೆ ಹೋದರೆ 19.2ಕ್ಕೆ ಇಳಿಯುತ್ತಿತ್ತು. ಒಂದೇ ಫೈಲ್ ಆ ಕಾರ್ಡಿನಲ್ಲಿ ಮಂಕಾಗಿ ಕೇಳಬಹುದು. ನಮ್ಮ ಕಡೆ ಅದನ್ನು ಇಟ್ಕೊಂಡವರನ್ನು ನಾನಂತೂ ನೋಡಲಿಲ್ಲ.

ಈಗ ದಾರಿ ಎರಡು. ಡಾಸ್‌ಬಾಕ್ಸ್ ಹಾಕಿದರೆ ಸೌಂಡ್ ಬ್ಲಾಸ್ಟರ್, ಅಲ್ಟ್ರಾಸೌಂಡ್ ಎರಡನ್ನೂ ನಕಲು ಮಾಡಿಕೊಡುತ್ತದೆ. ನನಗೆ ಇಷ್ಟವಾದದ್ದು ಎರಡನೆಯದು: ಓಲಾವ್ ಸೊರೆನ್ಸೆನ್ ಬರೆದ ಫಾಸ್ಟ್‌ಟ್ರ್ಯಾಕರ್ 2 ಕ್ಲೋನ್. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಇ60 ಬಗ್ಗನ್ನು ಅದರಲ್ಲಿ ಬೇಕಂತಲೇ ಉಳಿಸಿದ್ದಾರೆ. ಓಪನ್‌ಎಂಪಿಟಿ ಕೂಡ ಎಕ್ಸ್‌ಎಂ ಫೈಲ್‌ಗಳಿಗೆ ಈ ಬಗ್ಗನ್ನು ಅನುಕರಿಸುತ್ತದೆ. ಮನೆಯಲ್ಲಿ ಇಂಥ ಹಳೆಯ ಫೈಲ್ ಇದ್ದರೆ ದಯವಿಟ್ಟು ಸಿಕ್ಕ ಕನ್ವರ್ಟರ್‌ನಲ್ಲಿ ಎಂಪಿ3 ಮಾಡಿ ಮೂಲ ಅಳಿಸಬೇಡಿ. ನಾನು ಅದನ್ನೇ ಮಾಡುವವನಿದ್ದೆ.

ಭಾನುವಾರ ಕ್ಲೋನ್‌ನಲ್ಲಿ ಹಾಕಿದೆ. ಓಲಗ ಬರಲಿಲ್ಲ. ದೊಡ್ಡಮ್ಮ ಪೂರ್ತಿ ಕೇಳಿ, "ಹ್ಞಾ, ಇದು" ಅಂದರು. ಸ್ವಲ್ಪ ಹೊತ್ತಾದ ಮೇಲೆ, ಅವನು ಬಿಟ್ಟಿದ್ದ ಆ ಓಲಗವನ್ನೂ ಒಂದ್ಸಲ ಬೇರೆಯಾಗಿ ಹಾಕು ಅಂತ ಕೇಳಿದರು. ಹಾಕಿದೆ.